ಗೋಡೆ ಮುಚ್ಚುವ ಮೊದಲು ತಂತಿ ಕೆರೆದು ನೋಡಿ: ಮನೆಯ ನೆಟ್‌ವರ್ಕ್ ಕೇಬಲ್ ಕೊಳ್ಳುವವರಿಗೆ ಎಚ್ಚರಿಕೆ

ಚಿಕ್ಕಮಗಳೂರಿನಲ್ಲಿ ಹೊಸದಾಗಿ ಕಟ್ಟಿದ ಒಂದು ಮಹಡಿ ಮನೆ. 300 ಎಂಬಿಪಿಎಸ್ ಫೈಬರ್ ಸಂಪರ್ಕ. ರೂಟರ್ ಪಕ್ಕ ನಿಂತು ಫೋನಿನಲ್ಲಿ ನೋಡಿದರೆ ಪೂರ್ತಿ ವೇಗ ಬರುತ್ತದೆ, ಮಹಡಿಯ ಕೋಣೆಯ ಕಂಪ್ಯೂಟರಿನಲ್ಲಿ ಮಾತ್ರ 94 ದಾಟುವುದೇ ಇಲ್ಲ. ಮೊದಲು ಫೈಬರ್‌ನವರಿಗೆ ದೂರು ಹೋಯಿತು, ಆಮೇಲೆ ಹೊಸ ರೂಟರ್ ಬಂತು, ಆಮೇಲೆ ಹೊಸ ನೆಟ್‌ವರ್ಕ್ ಸ್ವಿಚ್ (ಒಂದು ಸಂಪರ್ಕವನ್ನು ಹಲವು ತಂತಿಗಳಿಗೆ ಹಂಚುವ ಪೆಟ್ಟಿಗೆ). ಕೊನೆಗೆ ಗೋಡೆಯ ಸಾಕೆಟ್ ಬಿಚ್ಚಿದಾಗ ಕೇಬಲಿನ ಎಂಟು ಎಳೆಗಳ ನಾಲ್ಕು ಜೋಡಿಗಳಲ್ಲಿ ಕಂದು ಜೋಡಿಯ ಒಂದು ಎಳೆ ಬುಡದಲ್ಲೇ ತುಂಡಾಗಿದ್ದು ಕಂಡಿತು. ತುಂಡಾದ ಜಾಗ ಕೆಂಪಗಿರಲಿಲ್ಲ, ಬೆಳ್ಳಗಿತ್ತು. ಹೊದಿಕೆಯ ಮೇಲೆ ‘ಕ್ಯಾಟ್ 6’ ಎಂಬ ದರ್ಜೆ ಅಚ್ಚಾಗಿದ್ದ ಕೇಬಲಿನೊಳಗೆ ಇದ್ದದ್ದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪೈಪಿನ ಬಾಗಿನಲ್ಲಿ ಕೇಬಲ್ ಕಚ್ಚಿಕೊಂಡಿದ್ದರಿಂದ ಎಳೆದು ತೆಗೆಯಲೂ ಆಗಲಿಲ್ಲ. ಬಣ್ಣ ಹೊಡೆದ ಗೋಡೆ ಒಡೆಯಬೇಕಾಯಿತು. ಕೇಬಲಿನಲ್ಲಿ ಉಳಿಸಿದ್ದಕ್ಕಿಂತ ಗಾರೆ ಕೆಲಸಕ್ಕೇ ಹೆಚ್ಚು ಖರ್ಚು.

ಈ 94 ಅಥವಾ 95 ಎಂಬ ಅಂಕಿ ಕಂಡ ಕೂಡಲೇ ಕೇಬಲನ್ನು ಅನುಮಾನಿಸಿ. 100 ಎಂಬಿಪಿಎಸ್ ಸಂಪರ್ಕಕ್ಕೆ ಎರಡು ಜೋಡಿ ಸಾಕು: ಪಿನ್ 1-2 ಮತ್ತು 3-6. ಗಿಗಾಬಿಟ್‌ಗೆ ಅಂದರೆ 1000 ಎಂಬಿಪಿಎಸ್‌ಗೆ ನಾಲ್ಕೂ ಜೋಡಿ ಬೇಕು. 4, 5, 7, 8ರಲ್ಲಿ ಒಂದು ಎಳೆ ಹೋದರೂ ಇಂದಿನ ಹೆಚ್ಚಿನ ಸ್ವಿಚ್‌ಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ದೀಪ ಉರಿಯುತ್ತದೆ, ಇಂಟರ್ನೆಟ್ ಬರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ 1000/1000 ಎಂದಿರಬೇಕು. 100/100 ಎಂದಿದ್ದರೆ ದಾರಿಯಲ್ಲಿ ಎಲ್ಲೋ ತೊಂದರೆ ಇದೆ. ಗೋಡೆಗೆ ಕೈ ಹಾಕುವ ಮೊದಲು ರೂಟರನ್ನೂ ಒಮ್ಮೆ ನೋಡಿ. ಫೈಬರ್‌ನವರು ಕೊಡುವ ಎಷ್ಟೋ ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100ರವು. ಸ್ವಿಚ್‌ಗೆ ಹೋಗುವ ತಂತಿ ಆ ಗಿಗಾಬಿಟ್ ಪೋರ್ಟಿಗೇ ಹೋಗಬೇಕು.

ಈಗ ಮುಖ್ಯ ವಿಷಯ. ತಾಮ್ರ ಲೇಪಿತ ಅಲ್ಯೂಮಿನಿಯಂ ಅಂದರೆ ಸಿಸಿಎ. ಟಿಐಎ-568 ಎಂಬ ಅಮೆರಿಕದ ಕೇಬಲ್ ಮಾನದಂಡದ ಪ್ರಕಾರ ಕ್ಯಾಟ್ 5ಇ, ಕ್ಯಾಟ್ 6 ಎಂದು ಕರೆಸಿಕೊಳ್ಳಬೇಕಾದರೆ ವಾಹಕ ಪೂರ್ತಿ ತಾಮ್ರದ್ದೇ ಆಗಿರಬೇಕು. ಹಾಗಾಗಿ ಸಿಸಿಎ ಕೇಬಲಿನ ಮೇಲೆ ಏನು ಅಚ್ಚು ಹಾಕಿದ್ದರೂ ಅದು ಕ್ಯಾಟ್ 6 ಅಲ್ಲ. ಅದೇ ದಪ್ಪದ ತಾಮ್ರಕ್ಕಿಂತ ಅದರ ರೋಧ (ಕರೆಂಟಿಗೆ ಒಡ್ಡುವ ತಡೆ) ಸುಮಾರು ಒಂದೂವರೆ ಪಟ್ಟು. ಎರಡು ಮೂರು ಸಲ ಬಗ್ಗಿಸಿದರೆ ಮುರಿಯುತ್ತದೆ. ಎಳೆಯನ್ನು ಸಾಕೆಟ್ಟಿನ ಸೀಳಿಗೆ ಒತ್ತಿ ಕೂರಿಸುವಾಗ (ಪಂಚ್ ಮಾಡುವಾಗ) ಮೇಲಿನ ತೆಳು ತಾಮ್ರ ಕತ್ತರಿಸಿಹೋಗಿ ಒಳಗಿನ ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಳ್ಳುತ್ತದೆ, ಅಲ್ಲಿ ಆಕ್ಸೈಡ್ ಪದರ ಕಟ್ಟಿ ಸಂಪರ್ಕ ಸಡಿಲವಾಗುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಇಂಥ ಜೋಡಣೆ ಬಹಳ ದಿನ ನಿಲ್ಲುವುದಿಲ್ಲ. ಹಾಕಿದ ದಿನ ಗಿಗಾಬಿಟ್ ಬಂದು ಆರು ತಿಂಗಳಿಗೆ 100ಕ್ಕೆ ಇಳಿಯುವುದು ಹೀಗೇ. ಗೇಟಿನ ಕ್ಯಾಮೆರಾಕ್ಕೆ ಇದರಲ್ಲೇ ಕರೆಂಟನ್ನೂ ಕಳಿಸಿದರಂತೂ ತಂತಿ ಬಿಸಿಯಾಗಿ, ದೂರದ ತುದಿಗೆ ವೋಲ್ಟೇಜ್ ಸಾಲದೆ ರಾತ್ರಿ ಕ್ಯಾಮೆರಾದ ದೀಪ ಹೊತ್ತಿದಾಗ ಕ್ಯಾಮೆರಾವೇ ಆರಿ ಮತ್ತೆ ಶುರುವಾಗುತ್ತದೆ.

ಅಂಗಡಿಯಲ್ಲೇ ಗುರುತಿಸುವುದು ಹೇಗೆ? ಒಂದು ಎಳೆಯ ಸಿಪ್ಪೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪು, ಸಿಸಿಎ ಆದರೆ ಬೆಳ್ಳಿ ಬಣ್ಣ ಹೊರಬರುತ್ತದೆ. ಅಯಸ್ಕಾಂತ ಹಿಡಿದು ನೋಡುವುದರಿಂದ ಪ್ರಯೋಜನವಿಲ್ಲ, ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಪೆಟ್ಟಿಗೆ ಎತ್ತಿ ನೋಡಿದರೂ ಅಂದಾಜು ಸಿಗುತ್ತದೆ, ಅಲ್ಯೂಮಿನಿಯಂ ತಾಮ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ತೂಕದ ಲೋಹ. ಆದರೆ ಎಲ್ಲಕ್ಕಿಂತ ನಂಬಬಹುದಾದದ್ದು ಮಲ್ಟಿಮೀಟರ್. 305 ಮೀಟರ್ ಪೆಟ್ಟಿಗೆಯ ಒಂದು ತುದಿಯಲ್ಲಿ ಯಾವುದಾದರೂ ಒಂದು ಜೋಡಿಯ ಎರಡು ಎಳೆಗಳನ್ನು ಕೂಡಿಸಿ ತಿರುಚಿ, ಇನ್ನೊಂದು ತುದಿಯಲ್ಲಿ ಅದೇ ಜೋಡಿಯ ರೋಧ ಅಳೆಯಿರಿ. ಒಂದು ಎಳೆಗೆ 100 ಮೀಟರಿಗೆ 9.38 ಓಮ್ ಮಿತಿ. ಹೋಗಿಬರುವ 610 ಮೀಟರಿಗೆ 57 ಓಮ್ ಮೀರಕೂಡದು. 24 ಗೇಜಿನ (ಗೇಜ್ ಅಂದರೆ ತಂತಿಯ ದಪ್ಪದ ಅಂಕಿ, ಅದು ಕಡಿಮೆಯಾದಷ್ಟು ತಂತಿ ದಪ್ಪ) ಒಳ್ಳೆಯ ತಾಮ್ರ 51ರ ಆಸುಪಾಸು ತೋರಿಸುತ್ತದೆ, ಸಿಸಿಎ 80ರ ಹತ್ತಿರ ಹೋಗುತ್ತದೆ. ಗೋಡೆಯೊಳಗೆ ಈಗಾಗಲೇ ಹೋಗಿರುವ 30 ಮೀಟರ್ ತಂತಿಯಾದರೆ ಇದೇ ಲೆಕ್ಕದಲ್ಲಿ 5.6 ಓಮ್ ಮಿತಿ. ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ. ಬಿಲ್ಲಿನಲ್ಲಿ ‘ಶುದ್ಧ ತಾಮ್ರ, ಸಾಲಿಡ್, 23 ಗೇಜ್’ ಎಂದು ಬರೆಸಿಕೊಳ್ಳಿ; ಸಾಲಿಡ್ ಅಂದರೆ ಎಳೆಯೊಳಗೆ ಒಂದೇ ಗಟ್ಟಿ ತಂತಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳಬೇಡಿ.

ಯಾವ ದರ್ಜೆ ಬೇಕು ಎಂಬುದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಿಗಾಬಿಟ್ 100 ಮೀಟರ್ ಹೋಗಲು ಕ್ಯಾಟ್ 5ಇ ಸಾಕು, 2.5 ಗಿಗಾಬಿಟ್ಟನ್ನೂ ಅದು ಒಯ್ಯುತ್ತದೆ. ಗೋಡೆಯೊಳಗೆ ಹಾಕುವುದಾದರೆ ಕ್ಯಾಟ್ 6 ಹಾಕಿ, ನಾಳೆ 10 ಗಿಗಾಬಿಟ್ ಬಂದರೂ ಸುಮಾರು 55 ಮೀಟರ್‌ವರೆಗೆ ನಡೆಯುತ್ತದೆ. ಮನೆಯೊಳಗೆ ಅಷ್ಟು ದೂರವೇ ಇರುವುದಿಲ್ಲ. ಕ್ಯಾಟ್ 8 ಎಂದು ಮಾರುವ ದಪ್ಪ ತಂತಿ 30 ಮೀಟರಿಗೆ ಸೀಮಿತವಾದ, ಡೇಟಾ ಸೆಂಟರಿನ ಸಾಮಾನು. ಕಾರ್ಪೆಟ್ ಕೆಳಗೆ ಹಾಸುವ ಚಪ್ಪಟೆ ಕೇಬಲಿನ ಎಳೆಗಳು ಕೂದಲಿನಷ್ಟು ಸಪೂರ, ಮೇಜಿನ ಮೇಲೆ ಒಂದೆರಡು ಮೀಟರಿಗೆ ಮಾತ್ರ ಇರಲಿ. ಗೋಡೆಗೆ ಸಾಲಿಡ್ ತಂತಿ, ಸಾಕೆಟ್ಟಿನಿಂದ ಕಂಪ್ಯೂಟರಿಗೆ ಬಗ್ಗುವ ಸ್ಟ್ರ್ಯಾಂಡೆಡ್ (ಪ್ರತಿ ಎಳೆಯಲ್ಲೂ ಹಲವು ಸಪೂರ ತಂತಿಗಳಿರುವ) ಪ್ಯಾಚ್ ಕೇಬಲ್. ಎರಡು ತುದಿಗೆ ಬೇರೆ ಬೇರೆ ಕ್ರಮದಲ್ಲಿ ಕಟ್ಟುವ ಕ್ರಾಸ್ ಕೇಬಲ್ ಈಗ ಬೇಕಿಲ್ಲ.

ತುದಿ ಕಟ್ಟುವಾಗ ಆಗುವ ತಪ್ಪಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಒಳ್ಳೆಯ ತಾಮ್ರ ತಂದೂ ಇಲ್ಲಿ ಕೆಡಿಸಿದ ಮನೆಗಳಿವೆ. ಟಿ568ಬಿ ಎಂಬ ಬಣ್ಣಗಳ ಕ್ರಮ, 1ರಿಂದ 8ನೇ ಪಿನ್ನಿನವರೆಗೆ, ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಒಂದೇ ಕ್ರಮ. ನೋಡಲು ಅಂದವೆಂದು ಹಸಿರು ಜೋಡಿಯನ್ನು ಪಕ್ಕಪಕ್ಕ ಇಟ್ಟು, ನೀಲಿಯನ್ನು ಅದರ ಪಕ್ಕ ಇಟ್ಟುಬಿಟ್ಟರೆ ಜೋಡಿ ಒಡೆಯುತ್ತದೆ. ಎರಡೂ ತುದಿಯಲ್ಲಿ ಹಾಗೇ ಮಾಡಿದ್ದರೆ ಎಂಟು ದೀಪದ ಅಗ್ಗದ ಟೆಸ್ಟರ್ 1ರಿಂದ 8ರವರೆಗೆ ಸರಿಯಾಗಿಯೇ ಹೊತ್ತಿಸಿ ತೋರಿಸುತ್ತದೆ, ಆದರೆ 3 ಮತ್ತು 6ಕ್ಕೆ ಹೋದ ಎಳೆಗಳು ಒಂದಕ್ಕೊಂದು ಹೆಣೆದವಲ್ಲವಾದ್ದರಿಂದ ಸಿಗ್ನಲ್ ಪಕ್ಕದ ಜೋಡಿಗೆ ಸೋರುತ್ತದೆ. ಟೆಸ್ಟರ್ ಪಾಸು, ನೆಟ್‌ವರ್ಕ್ ಫೇಲು. ಜೋಡಿಯ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಡಿಸಬೇಡಿ. ನಿಜವಾದ ಪರೀಕ್ಷೆ ಬೇಕಾದರೆ ಎರಡು ಕಂಪ್ಯೂಟರ್ ನಡುವೆ ವೇಗ ಅಳೆಯುವ ಐಪರ್ಫ್3 ಪ್ರೋಗ್ರಾಂ ಓಡಿಸಿ. ಗಿಗಾಬಿಟ್ ಕೇಬಲಿನಲ್ಲಿ 940ರ ಹತ್ತಿರ ಬರಬೇಕು. ಈ ಪರೀಕ್ಷೆ ಪ್ಲಾಸ್ಟರ್ ಆಗುವ ಮೊದಲೇ ಆಗಲಿ. ಪೈಪು 25 ಮಿಲಿಮೀಟರಿನದಿರಲಿ, ಕರೆಂಟ್ ವೈರ್ ಹೋಗುವ ಪೈಪಿನಲ್ಲಿ ಇದನ್ನು ತೂರಿಸಬೇಡಿ, ಒಳಗೊಂದು ಎಳೆಯುವ ದಾರ ಬಿಟ್ಟಿರಿ.

ತೋಟದ ಮನೆಯವರಿಗೆ ಇನ್ನೊಂದು ಅಪಾಯವಿದೆ, ಇದು ಕೇಬಲಿನೊಂದಿಗೆ ಮುಗಿಯುವುದಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮನೆಯಿಂದ ಕಾಫಿ ಕಣದ ಗೋದಾಮಿಗೆ ತಾಮ್ರದ ಕೇಬಲ್ ನೇತುಹಾಕುವುದು ಸಾಮಾನ್ಯ. ಮನೆಯೊಳಗಿನ ಬಿಳಿ ಪಿವಿಸಿ ಹೊದಿಕೆ ಬಿಸಿಲಿಗೆ ಬಿರಿದು ನೀರು ಕುಡಿಯುತ್ತದೆ ಎಂಬುದು ಸಣ್ಣ ತೊಂದರೆ. ಎರಡು ಕಟ್ಟಡಕ್ಕೆ ಎರಡು ಅರ್ಥಿಂಗ್ ಇದ್ದರೆ, ಏಪ್ರಿಲ್-ಮೇ ತಿಂಗಳಲ್ಲಿ ಹತ್ತಿರ ಸಿಡಿಲು ಬಡಿದಾಗ ಎರಡು ಅರ್ಥಿಂಗ್‌ಗಳ ನಡುವಿನ ವೋಲ್ಟೇಜ್ ಈ ತಂತಿಯಲ್ಲೇ ಹಾಯುತ್ತದೆ. ಎತರ್ನೆಟ್ ಪೋರ್ಟಿನ ನಿರೋಧಕ ಶಕ್ತಿ 1500 ವೋಲ್ಟ್, ಸಿಡಿಲಿನ ಮುಂದೆ ಅದು ಏನೇನೂ ಅಲ್ಲ. ರೂಟರ್, ಸ್ವಿಚ್, ಕಂಪ್ಯೂಟರಿನ ಮದರ್‌ಬೋರ್ಡ್ ಒಟ್ಟಿಗೇ ಸುಡುತ್ತವೆ. ಶೀಲ್ಡ್ (ಎಳೆಗಳ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ ಹಾಕಿದರೆ ಆಯಿತೆನ್ನುವವರ ಮಾತು ಕೇಳಬೇಡಿ; ಎರಡೂ ತುದಿ ಅರ್ಥಿಗೆ ಕಟ್ಟಿದ ಶೀಲ್ಡ್ ಆ ಕರೆಂಟಿಗೆ ಇನ್ನೂ ಅಗಲದ ದಾರಿ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಸಿ. ಸಿಂಗಲ್ ಮೋಡ್ ಬಗೆಯ ಫೈಬರ್, ಒಳಗೆ ಉಕ್ಕಿನ ತಂತಿಯ ಬದಲು ಎಫ್‌ಆರ್‌ಪಿ (ಗಾಜಿನ ನಾರಿನ ಪ್ಲಾಸ್ಟಿಕ್) ಕಡ್ಡಿ ಇರುವುದನ್ನೇ ಕೇಳಿ, ಉಕ್ಕಿದ್ದರೆ ಮತ್ತೆ ಅದೇ ಕಥೆ. ಎರಡು ತುದಿಗೂ ಫೈಬರಿನ ಬೆಳಕನ್ನು ತಾಮ್ರದ ಸಿಗ್ನಲ್ಲಿಗೆ ಬದಲಿಸುವ ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಬೇಕು. ಒಂದೇ ಎಳೆಯ ಫೈಬರಾದರೆ ಒಂದು ‘ಎ’, ಒಂದು ‘ಬಿ’ ಎಂದು ಜೋಡಿಯಾಗಿ ಕೊಳ್ಳಿ. ಎರಡೂ ‘ಎ’ ಬಂದರೆ ಎರಡೂ ಒಂದೇ ಬಣ್ಣದ ಬೆಳಕು ಕಳಿಸುತ್ತವೆ, ಲಿಂಕ್ ದೀಪ ಹೊತ್ತುವುದೇ ಇಲ್ಲ.