ಹೆಗಡೆ, ಹೆಗ್ಡೆ ಒಂದೇ. ನಾಯ್ಕ, ನಾಯಕ ಬೇರೆ: ಹೆಸರಿನ ಪಟ್ಟಿಗೆ ಓಪನ್‌ರಿಫೈನ್

ಶಿರಸಿ ಕಡೆಯ ಒಂದು ಅಡಿಕೆ ಬೆಳೆಗಾರರ ಸೊಸೈಟಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ಷೇರು ಲೆಡ್ಜರ್, ಸಾಲದ ಪುಸ್ತಕ, ಆಮೇಲೆ ಟೈಪ್ ಮಾಡಿಸಿದ ಪಟ್ಟಿ, ಈ ಮೂರನ್ನೂ ಸೇರಿಸಿ ಒಂದೇ ಸದಸ್ಯರ ಪಟ್ಟಿ ಮಾಡಬೇಕಿತ್ತು. ಒಬ್ಬರದೇ ಹೆಸರು ಒಂದು ಕಡೆ ಮಂಜುನಾಥ ಹೆಗಡೆ, ಇನ್ನೊಂದು ಕಡೆ ಮಂಜುನಾತ ಹೆಗ್ಡೆ. ಒಬ್ಬರ ಖಾತೆ ಎರಡಾದರೆ ಅವರ ಡಿವಿಡೆಂಡ್ ಹರಿದು ಹಂಚಿಹೋಗುತ್ತದೆ. ಇಬ್ಬರ ಖಾತೆ ಒಂದಾದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬರುತ್ತದೆ. ಅದಕ್ಕೇ ಈ ವಿಮರ್ಶೆಯನ್ನು ವಿವರವಾಗಿ ಬರೆಯುತ್ತಿದ್ದೇನೆ.

ಓಪನ್‌ರಿಫೈನ್ ಅಂದರೆ ಇಂಥ ಗೊಂದಲದ ಪಟ್ಟಿಗಳನ್ನು ಸರಿಮಾಡುವ ಉಚಿತ ಸಾಫ್ಟ್‌ವೇರ್. 2010ರಲ್ಲಿ ಮೆಟಾವೆಬ್ ಕಂಪನಿ ಇದನ್ನು ಬೇರೆ ಹೆಸರಲ್ಲಿ ಹೊರತಂದಿತ್ತು. ಅದೇ ವರ್ಷ ಗೂಗಲ್ ಆ ಕಂಪನಿಯನ್ನು ಕೊಂಡಿತು, ಇದು ಗೂಗಲ್ ರಿಫೈನ್ ಆಯಿತು. 2012ರಿಂದ ಬಳಕೆದಾರರ ಸಮುದಾಯವೇ ನಡೆಸುತ್ತಿದೆ. ಬ್ರೌಸರ್‌ನಲ್ಲಿ ತೆರೆದುಕೊಂಡರೂ ಕೆಲಸ ನಡೆಯುವುದು ನಮ್ಮ ಕಂಪ್ಯೂಟರ್‌ನಲ್ಲೇ. ಸದಸ್ಯರ ಸಾಲದ ವಿವರ ಹೊರಗೆ ಹೋಗುವುದಿಲ್ಲ. ನನಗೆ ಇದು ಮೊದಲ ಷರತ್ತಾಗಿತ್ತು.

ಕಾಲಂ ಮೇಲೆ ಒತ್ತಿ 'ಕ್ಲಸ್ಟರ್' ಆರಿಸಿದರೆ ಹೋಲುವ ಹೆಸರುಗಳ ಗುಂಪು ಬರುತ್ತದೆ. ಮೊದಲ ವಿಧಾನ ಫಿಂಗರ್‌ಪ್ರಿಂಟ್. ಚುಕ್ಕಿ, ಕಾಮಾ ತೆಗೆದು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುತ್ತದೆ. 'ಜಿ.ಎಸ್. ಹೆಗಡೆ', 'ಹೆಗಡೆ ಜಿ.ಎಸ್' ಎರಡೂ ತಕ್ಷಣ ಒಂದಾದವು. ಇನಿಷಿಯಲ್ ಹಿಂದೆಮುಂದೆ ಆಗುವ ನಮ್ಮ ಪಟ್ಟಿಗಳಿಗೆ ಇದೊಂದೇ ಎಷ್ಟೋ ಕೆಲಸ ಉಳಿಸುತ್ತದೆ.

ಉಚ್ಚಾರಣೆ ನೋಡುವ ವಿಧಾನಗಳಲ್ಲಿ ನನಗೆ ನಿರಾಸೆ ಆಯಿತು. ಈ ಜಾತಿಯಲ್ಲಿ ಹಳೆಯದು ಸೌಂಡೆಕ್ಸ್. ಅಮೆರಿಕದ ರಾಬರ್ಟ್ ರಸೆಲ್‌ಗೆ 1918ರಲ್ಲಿ ಇದರ ಪೇಟೆಂಟ್ ಸಿಕ್ಕಿತ್ತು. ಮೊದಲ ಅಕ್ಷರ ಇಟ್ಟುಕೊಂಡು ಉಳಿದದ್ದಕ್ಕೆ ಮೂರು ಅಂಕಿ ಕೊಡುತ್ತದೆ. ಇಂಗ್ಲಿಷಿನಲ್ಲಿ ಲಕ್ಷ್ಮಿಯನ್ನು ಎಕ್ಸ್ ಹಾಕಿ ಬರೆದರೂ, ಕೆ-ಎಸ್-ಎಚ್ ಹಾಕಿ ಬರೆದರೂ ಎಲ್250 ಬರುತ್ತದೆ. ಚೆನ್ನಾಗಿದೆ, ಅಲ್ವಾ? ಆದರೆ ಯಲ್ಲಾಪುರವನ್ನು ವೈ ಇಂದ ಬರೆದರೆ ವೈ416, ಇ ಇಂದ ಬರೆದರೆ ಇ416. ಮೊದಲ ಅಕ್ಷರದಲ್ಲೇ ಎಡವುತ್ತದೆ. ಕ್ಲಸ್ಟರ್ ಪಟ್ಟಿಯಲ್ಲಿ ಇಂಗ್ಲಿಷಿಗೆ ಮೆಟಾಫೋನ್ 3, ಜರ್ಮನ್ ಹೆಸರಿಗೆ ಕಲೋನ್, ಯಹೂದಿ ಮನೆತನದ ಹೆಸರುಗಳಿಗೆ ಡೈಚ್-ಮೊಕೊಟಾಫ್ ಎಲ್ಲ ಇವೆ. ಕನ್ನಡ ಲಿಪಿಗೆ ಒಂದೂ ಇಲ್ಲ.

ಉಳಿದದ್ದು ಲೆವೆನ್‌ಸ್ಟೈನ್ ದೂರ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟ ಅಳತೆ ಇದು. ಒಂದು ಪದವನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅನ್ನುವ ಲೆಕ್ಕ. ಕಂಪ್ಯೂಟರ್ ಸ್ವರಚಿಹ್ನೆಗಳನ್ನೂ, ಹಲಂತಗಳನ್ನೂ (ಒತ್ತಕ್ಷರ ಮಾಡಲು ಬಳಸುವ ಅರ್ಧಾಕ್ಷರದ ಗುರುತು) ಬಿಡಿಬಿಡಿಯಾಗಿ ಎಣಿಸುತ್ತದೆ. 'ಲಕ್ಷ್ಮಿ' ನಮಗೆ ಎರಡಕ್ಷರ, ಅದಕ್ಕೆ ಏಳು. ಹೆಗಡೆಗೂ ಹೆಗ್ಡೆಗೂ ನಡುವೆ ಇರುವುದು ಒಂದೇ ಹಲಂತ, ಅಂದರೆ ದೂರ 1. 'ಬ್ಲಾಕ್ ಕ್ಯಾರೆಕ್ಟರ್ಸ್' ಅಂದರೆ ಎರಡು ಹೆಸರಲ್ಲಿ ಸಾಲಾಗಿ ಎಷ್ಟು ಅಕ್ಷರ ಒಂದೇ ಇದ್ದರೆ ಮಾತ್ರ ಅವನ್ನು ಹೋಲಿಸಬೇಕು ಅನ್ನುವ ಸಂಖ್ಯೆ, ಅದು ಮೊದಲಿಗೆ 6 ಇರುತ್ತದೆ. ನಮ್ಮ ಚಿಕ್ಕ ಹೆಸರುಗಳಿಗೆ ಅದು ಜಾಸ್ತಿ. 3ಕ್ಕೆ ಇಳಿಸಿ. ಆಗ ನಿಧಾನ ಆಗುತ್ತದೆ, ಪರವಾಗಿಲ್ಲ.

ಇಲ್ಲೇ ಹುಷಾರಾಗಿರಬೇಕು. ರಮೇಶ, ಉಮೇಶ ದೂರವೂ 1. ನಾಯ್ಕ, ನಾಯಕ ದೂರವೂ 1. ನಮ್ಮ ಜಿಲ್ಲೆಯಲ್ಲಿ ನಾಯ್ಕರೇ ಬೇರೆ, ನಾಯಕರೇ ಬೇರೆ. ಅವೆರಡನ್ನು ಒಂದು ಮಾಡಿದರೆ ಮಾರನೇ ದಿನವೇ ಜನ ಆಫೀಸಿಗೆ ಬರುತ್ತಾರೆ. ಬರಲೇಬೇಕು.

ಹಾಗಾಗಿ ಕನ್ನಡಕ್ಕೆ ಬೇಕಾದ ನಿಯಮವನ್ನು ನಾನೇ ಬರೆದೆ. ಹೆಸರಿನ ಕಾಲಂನಿಂದ ಇನ್ನೊಂದು ಕಾಲಂ ಹುಟ್ಟಿಸಿ, 'ರಿಪ್ಲೇಸ್' ಸಾಲುಗಳನ್ನು ಒಂದರ ಹಿಂದೆ ಒಂದು ಪೋಣಿಸಿದೆ. ಮಹಾಪ್ರಾಣ ಎಲ್ಲ ಅಲ್ಪಪ್ರಾಣ. ಶ, ಷ ಎರಡೂ ಸ. ಣ ಇದ್ದಲ್ಲಿ ನ, ಳ ಇದ್ದಲ್ಲಿ ಲ. ದೀರ್ಘ ಎಲ್ಲ ಹ್ರಸ್ವ. ಮೊದಲಲ್ಲಿ ಎ ಬಂದರೆ ಯ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದ ಶಂಕರ, ಸಂಕರ, ಷಂಕರ ಒಟ್ಟಿಗೆ ಬಂದರು. ಎಲ್ಲಮ್ಮ, ಯಲ್ಲಮ್ಮ ಸೇರಿದರು. ಇನ್ನೊಂದು ನಿಯಮ ಮರೆಯಬೇಡಿ: ಟೈಪ್ ಮಾಡುವಾಗ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಹಾಕಿರುತ್ತಾರೆ. 'ಮ೦ಜುನಾಥ', 'ಮಂಜುನಾಥ' ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳನ್ನೂ ಮೊದಲೇ ಅಳಿಸಿ. ಹಲಂತ ಕೈಬಿಡುವ ನಿಯಮ ಮಾತ್ರ ಬೇಕೆಂದೇ ಬರೆಯಲಿಲ್ಲ. ಹೆಗಡೆ-ಹೆಗ್ಡೆಗಳನ್ನು ಕೈಯಾರೆ ಸೇರಿಸಿದೆ, ನಾಯ್ಕ-ನಾಯಕ ಹಾಗೇ ಉಳಿದರು.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು, ನಾವು ಟಿಕ್ ಹಾಕದೆ ಯಾವುದನ್ನೂ ಸೇರಿಸುವುದಿಲ್ಲ. ಸೇರಿಸಿದ್ದನ್ನು ವಾಪಸ್ ಮಾಡಬಹುದು. ಕೊರತೆ ಅಂದರೆ, ಕ್ಲಸ್ಟರ್ ಕಿಟಕಿಯಲ್ಲಿ ಹೆಸರು ಮಾತ್ರ ಕಾಣುತ್ತದೆ. ತಂದೆಯ ಹೆಸರು, ಊರು ನೋಡಬೇಕಾದರೆ ಆ ಗುಂಪನ್ನು ಬೇರೆ ಟ್ಯಾಬ್‌ನಲ್ಲಿ ತೆರೆಯಬೇಕು. ಒಂದೇ ಊರಲ್ಲಿ ಇಬ್ಬರು ಗಣಪತಿ ಹೆಗಡೆ ಇರುವುದು ನಮ್ಮಲ್ಲಿ ಮಾಮೂಲು, ಅದಕ್ಕೆ ತೆರೆದೇ ನೋಡಿ.

ಸಹಕಾರ ಸಂಘ, ಶಾಲೆ, ಗ್ರಂಥಾಲಯದ ಪಟ್ಟಿ ಇಟ್ಟುಕೊಂಡವರು ಖಂಡಿತ ಬಳಸಬಹುದು. ಮಾಡಿದ ಹಂತಗಳನ್ನೆಲ್ಲ ಫೈಲ್ ಆಗಿ ತೆಗೆದಿಟ್ಟು ಇನ್ನೊಂದು ಪಟ್ಟಿಗೆ ಹಾಕುವ ಸೌಲಭ್ಯವೂ ಇದೆ. ಹಾಗೆ ತೆಗೆಯುವಾಗ 'ರಿಪ್ಲೇಸ್' ನಿಯಮಗಳಿಗೆ ಮಾತ್ರ ಟಿಕ್ ಇರಲಿ. ಕೈಯಾರೆ ಸೇರಿಸಿದ ಹೆಸರುಗಳ ಟಿಕ್ ತೆಗೆದುಬಿಡಿ, ಅವು ಆ ಪಟ್ಟಿಯ ಜನರಿಗೆ ಮಾತ್ರ ಸರಿ.