ಮಡಿಕೇರಿ ಸೈಕಲ್ ಅಂಗಡಿ ಮೆಂಬರ್‌ಶಿಪ್: ಬ್ರೇಕ್ ಕೆಲಸಕ್ಕೆ ಐದು ಸ್ಟಾರ್, ಗ್ರೂಪಿಗೆ ಒಂದೇ

ಅಂಗಡಿ ಹೆಸರು ಹಾಕಲ್ಲ, ಹಾಕಿದ್ರೆ ನಾಳೆ ಬೆಳಿಗ್ಗೆ ಈ ರಿವ್ಯೂ ಮೇಲೇ ಗ್ರೂಪಲ್ಲಿ ಇನ್ನೊಂದು ಯುದ್ಧ ಶುರುವಾಗ್ತದೆ. ಮಡಿಕೇರಿ ಕಡೆ ಸೈಕಲ್ ತುಳಿಯೋರಿಗೆ ಯಾವುದು ಅಂತ ಹೇಗೂ ಗೊತ್ತಾಗ್ತದೆ. ವರ್ಷಕ್ಕೊಂದ್ಸಲ ದುಡ್ಡು ಕಟ್ಬೇಕು, ಒಂದು ಸುಮಾರಾದ ಹೆಲ್ಮೆಟ್ ಬೆಲೆ ಅಂದ್ಕೊಳ್ಳಿ, ಅದಕ್ಕೆ ಲೇಬರ್ ಚಾರ್ಜ್ ಇಲ್ದೆ ಸರ್ವೀಸ್, ಭಾನುವಾರದ ರೈಡ್, ಒಂದು ಜೆರ್ಸಿ, ಆಮೇಲೆ ಮೆಂಬರ್ಸ್ ವಾಟ್ಸಾಪ್ ಗ್ರೂಪ್ ಸಿಗ್ತದೆ. ಈಗ ರಿನೀವಲ್ ಟೈಮು, ಸೇರ್ಬೋದಾ ಬೇಡ್ವಾ ಅಂತ ತುಂಬ ಜನ ಕೇಳ್ತಾ ಇದ್ದಾರೆ, ಒಬ್ಬೊಬ್ಬರಿಗೆ ಫೋನಲ್ಲಿ ಹೇಳಿ ಸಾಕಾಗಿ ಇಲ್ಲೇ ಬರೀತಾ ಇದ್ದೇನೆ.

ಮೊದ್ಲು ಸರ್ವೀಸ್. ಇದರಲ್ಲಿ ಎರಡು ಮಾತಿಲ್ಲ. ಕೊಡಗಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಡಿಸ್ಕ್ ಬ್ರೇಕ್ ಪ್ಯಾಡ್ ಸೋಪಿನ ಹಾಗೆ ಕರಗ್ತದೆ, ಕೆಸರು ನೀರು ಮರಳು ಎಲ್ಲ ಸೇರಿ ರುಬ್ಬಿ ಹಾಕ್ತದೆ, ಒಂದು ಸಂಪಾಜೆ ಘಾಟಿ ಇಳಿದು ಬಂದ್ರೆ ಲಿವರ್ ಹ್ಯಾಂಡಲ್‌ಗೆ ತಾಗ್ತಾ ಇರ್ತದೆ. ಬೇರೆ ಊರಿನ ಅಂಗಡಿಯಲ್ಲಿ ಕೇಳಿದ್ರೆ ಅದೇ ಮೆತ್ತನೆ ರೆಸಿನ್ ಪ್ಯಾಡ್ ತಿರುಗಿ ಹಾಕಿ ಕಳಿಸ್ತಾರೆ. ಇಲ್ಲಿ ಕೆಲಸ ಮಾಡೋ ಹುಡುಗ ಮೊದ್ಲು ಏನು ಮಾಡ್ತಾನೆ ಗೊತ್ತಾ, ಬಟ್ಟೆಯಲ್ಲಿ ರೋಟರ್, ಅಂದ್ರೆ ಪ್ಯಾಡ್ ಒತ್ತಿ ಹಿಡಿಯೋ ಲೋಹದ ತಟ್ಟೆ, ಒರೆಸಿ ಅದರ ಮೇಲೆ ಏನು ಬರೆದಿದೆ ಅಂತ ಓದ್ತಾನೆ. ಕಡಿಮೆ ರೇಟಿನ ಸೈಕಲಲ್ಲಿ ಬರೋ ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಇರ್ತದೆ, ಅದಕ್ಕೆ ಸಿಂಟರ್ಡ್ ಅಂದ್ರೆ ಮೆಟಲ್ ಪ್ಯಾಡ್ ಹಾಕಿದ್ರೆ ರೋಟರೇ ಸವೆದು ಹೋಗ್ತದೆ. ರೋಟರ್ ಬದಲಾಯಿಸಿ ಸಿಂಟರ್ಡ್ ಹಾಕಿಸ್ಕೊಳ್ಳಿ, ಸ್ವಲ್ಪ ಶಬ್ದ ಬರ್ತದೆ ಆದ್ರೆ ಮಳೆಗಾಲದಲ್ಲಿ ಬಾಳಿಕೆ ಬರ್ತದೆ ಅಂತ ನೇರ ಹೇಳಿದ. ಬ್ಲೀಡ್, ಅಂದ್ರೆ ಬ್ರೇಕ್ ಪೈಪಿಂದ ಗಾಳಿ ತೆಗೆದು ಎಣ್ಣೆ ತುಂಬೋದು, ಮಾಡುವಾಗ್ಲೂ ಹಾಗೇ, ಶಿಮಾನೋ ಬ್ರೇಕಿಗೆ ಮಿನರಲ್ ಆಯಿಲ್, ಸ್ರ್ಯಾಮ್‌ನ ಹೆಚ್ಚಿನ ಬ್ರೇಕಿಗೆ ಡಾಟ್ ಫ್ಲೂಯಿಡ್, ಒಂದರ ಜಾಗಕ್ಕೆ ಇನ್ನೊಂದು ಹೋದ್ರೆ ಸೀಲ್ ಹಾಳು, ಅದಕ್ಕೆ ಎರಡಕ್ಕೂ ಬೇರೆ ಬೇರೆ ಸಿರಿಂಜು, ಬೇರೆ ಬೇರೆ ಡಬ್ಬ ಇಟ್ಟಿದ್ದಾನೆ. ಐದು ಸ್ಟಾರ್.

ರೈಡಿಗೆ ನಾಲ್ಕು. ಹಿಂದಿಂದ ಒಂದು ಪಿಕಪ್ ಬರ್ತದೆ, ಕೊನೇಲಿ ಒಬ್ರು ಸ್ವೀಪರ್ ಇರ್ತಾರೆ, ಯಾರನ್ನೂ ಬಿಟ್ಟು ಹೋಗಲ್ಲ. ಭಾಗಮಂಡಲದಿಂದ ತಲಕಾವೇರಿಗೆ ಇರೋದು ಎಂಟೇ ಕಿಲೋಮೀಟರ್, ಆದ್ರೆ ಆ ಎಂಟರಲ್ಲಿ ದೊಡ್ಡ ದೊಡ್ಡವರ ಬಾಯಿ ಬಂದಾಗ್ತದೆ, ಅದು ನನಗೆ ತುಂಬ ಇಷ್ಟ. 200 ಕಿಲೋಮೀಟರ್ ಬಿಆರ್‌ಎಂ ಅನ್ನೋ ದೂರದ ರೈಡನ್ನ ಹದಿಮೂರೂವರೆ ಗಂಟೇಲಿ ಮುಗಿಸ್ಬೇಕು, ಅದಕ್ಕೆ ತಯಾರಿ ಮಾಡೋರಿಗೆ ಈ ಏರು ಇಳಿತಕ್ಕಿಂತ ಒಳ್ಳೆ ಪ್ರಾಕ್ಟೀಸ್ ಎಲ್ಲಿ ಸಿಗ್ತದೆ? ಒಂದು ಸ್ಟಾರ್ ಕಟ್ ಮಾಡಿದ್ದು ಹೊರಡೋದು ಯಾವಾಗ್ಲೂ ಲೇಟು ಅಂತ, ಅಷ್ಟೇ.

ಇನ್ನು ಗ್ರೂಪು. ನಾನು ಅದರಲ್ಲಿ ಇನ್ನೂ ಇರೋದಕ್ಕೆ ಒಂದೇ ಕಾರಣ ಆನೆ. ಸಿದ್ದಾಪುರ ಮಾಲ್ದಾರೆ ಕಡೆ, ತಿತಿಮತಿ ಕಡೆ ನಸುಕಿಗೆ ತೋಟದಿಂದ ತೋಟಕ್ಕೆ ದಾಟ್ತಾ ಇರ್ತವೆ. ಕಾರಲ್ಲಿ ಇರೋರಿಗೆ ರಿವರ್ಸ್ ಗೇರ್ ಆದ್ರೂ ಇದೆ, ನಮಗೆ ಎಂಥ ಇದೆ ಮಾರಾಯ್ರೆ? ಮೆಂಬರಲ್ಲಿ ಒಬ್ರು ತೋಟದ ರೈಟರ್, ಅಂದ್ರೆ ಲೆಕ್ಕ ಬರೆಯೋರು, ಇದ್ದಾರೆ, ಲೈನ್‌ಮನೆ, ಅಂದ್ರೆ ಕೆಲಸದವರ ಸಾಲುಮನೆ, ಕಡೆಯಿಂದ ಸುದ್ದಿ ಬಂದ ಕೂಡ್ಲೆ ‘ಒಂಟಿ ಆನೆ ಇದೆ, ಈ ಕಡೆ ಬರ್ಬೇಡಿ’ ಅಂತ ಹಾಕ್ತಾರೆ. ಬೇರೇನೂ ಮಾತಾಡಲ್ಲ ಪಾಪ. ನನ್ನ ಲೆಕ್ಕದಲ್ಲಿ ಇಡೀ ಮೆಂಬರ್‌ಶಿಪ್ಪಿನ ಅರ್ಧ ಬೆಲೆ ಅವರ ಆ ಒಂದು ಸಾಲಿಗೆ.

ಆ ಸಾಲು ಎಲ್ಲಿ ಹೋಗಿ ಹೂತುಹೋಗ್ತದೆ ಅನ್ನೋದೇ ನನ್ನ ದೂರು. 2025ರ ಸೆಪ್ಟೆಂಬರ್ 14, ಸ್ಪೇನಿನ ದೊಡ್ಡ ಸೈಕಲ್ ರೇಸ್ ವುವೆಲ್ಟಾದ ಕೊನೇ ಸ್ಟೇಜು, ಮ್ಯಾಡ್ರಿಡ್. ಇಸ್ರೇಲ್–ಪ್ರೀಮಿಯರ್ ಟೆಕ್ ಟೀಮ್ ಓಡ್ಬಾರ್ದು ಅಂತ ಪ್ಯಾಲೆಸ್ಟೈನ್ ಪರ ಜನ ರಸ್ತೆಗೆ ನುಗ್ಗಿ ಸ್ಟೇಜನ್ನೇ ನಿಲ್ಲಿಸಿದ್ರು, ರೈಡರ್ ವಿಂಗೆಗಾರ್ಡ್ ರೇಸ್ ಗೆದ್ದಿದ್ದಾನೆ ಆದ್ರೆ ಪೋಡಿಯಂ ಇಲ್ಲ, ಕೊನೆಗೆ ಹೋಟೆಲ್ ಪಾರ್ಕಿಂಗಲ್ಲಿ ಐಸ್ ಬಾಕ್ಸ್ ಮೇಲೆ ಹತ್ತಿ ನಿಂತು ಫೋಟೋ ತೆಗ್ಸಿಕೊಂಡ್ರು. ಇದು ಸೈಕಲ್ ಸುದ್ದಿ ಅಲ್ಲ ಅಂತ ಯಾರೂ ಹೇಳೋ ಹಾಗಿಲ್ಲ, ರೇಸೇ ನಿಂತಿದೆ, ಮಾತಾಡ್ಬೇಕಾದ್ದೇ. ರೇಸ್ ನಿಲ್ಲಿಸಿದ್ದು ಸರಿಯಾ ತಪ್ಪಾ, ಟೀಮ್ ಹೆಸರಲ್ಲಿ ದೇಶ ಇದ್ರೆ ರೈಡರ್ ಜವಾಬ್ದಾರನಾ, 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ರಷ್ಯಾದ ನ್ಯಾಷನಲ್ ಟೀಮ್ ತೆಗೀತಲ್ಲ, ಈಗ ಯಾಕಿಲ್ಲ, ಹೀಗೆ ಒಂದು ಹತ್ತು ಮೆಸೇಜ್ ಚೆನ್ನಾಗೇ ಹೋಯ್ತು. ನನಗೂ ಹೊಸ ವಿಷ್ಯ ಸಿಕ್ತು. ಆಮೇಲೆ ಯಾರೋ ಒಬ್ಬ ‘ನಿಮ್ಮೋರು’ ಅಂದ, ಇನ್ನೊಬ್ಬ ‘ಯಾರು ನಮ್ಮೋರು’ ಅಂದ, ಮ್ಯಾಡ್ರಿಡ್ ಅಲ್ಲಿಗೇ ಮುಗೀತು, ಉಳಿದಿದ್ದೆಲ್ಲ ಕೊಹಿನೂರ್ ರೋಡಲ್ಲಿ ಯಾರ ಅಂಗಡಿಯಿಂದ ಸಾಮಾನು ತಗೋಬೇಕು ತಗೋಬಾರ್ದು ಅನ್ನೋ ಮಟ್ಟಕ್ಕೆ. ರಾತ್ರಿ ಒಂದೂವರೆ ತನಕ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಮುಂಚೆ ತುಳಿಯೋರು ಎದ್ದು ಫೋನ್ ನೋಡಿದ್ರೆ ರೈಟರ್ ಹಾಕಿದ ಆನೆ ಮೆಸೇಜು ಈ ಜಗಳದ ನಡುವೆ ಎಲ್ಲೋ. ಇಬ್ರು ನೋಡದೆ ಹೊರಟಿದ್ರು. ಏನೂ ಆಗ್ಲಿಲ್ಲ, ಆದ್ರೆ ಆಗ್ಬೋದಿತ್ತು.

ನವೆಂಬರ್ ಬಂತಂದ್ರೆ ಟಿಪ್ಪು. ಸರ್ಕಾರ ಜಯಂತಿ ಶುರು ಮಾಡಿದ್ದು 2015, ಆ ವರ್ಷ ಮಡಿಕೇರಿಯಲ್ಲಿ ಎಂಥ ಗಲಾಟೆ ಆಯ್ತು ಅಂತ ನಮಗೆಲ್ಲ ಗೊತ್ತು, 2019ರಲ್ಲಿ ಜಯಂತಿ ನಿಂತೂ ಹೋಯ್ತು, ಗ್ರೂಪಲ್ಲಿ ಮಾತ್ರ ನಿಂತಿಲ್ಲ. ಅದರ ಬಗ್ಗೆ ಇಲ್ಲಿ ಇನ್ನು ಬರೆಯಲ್ಲ, ಕಮೆಂಟ್ ಆಫ್ ಮಾಡ್ಬೇಕಾಗ್ತದೆ.

ಜೆರ್ಸಿ ಕತೆ ಹೇಳ್ಲೇಬೇಕು, ಯಾಕಂದ್ರೆ ಅದಕ್ಕೆ ನೀವು ದುಡ್ಡು ಕೊಡ್ತೀರಿ. ಓನರ್ ಮೊದ್ಲು ತೋರಿಸಿದ್ದು ಫ್ಲೋರೊಸೆಂಟ್ ಆರೆಂಜ್. ಮಂಜು ಮಳೆ ಎರಡೂ ಇರೋ ಊರಿಗೆ ಅದಕ್ಕಿಂತ ಸರಿಯಾದ್ದು ಇಲ್ಲ, ಫ್ಲೋರೊಸೆಂಟ್ ಬಣ್ಣ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನೂ ಕಾಣೋ ಬೆಳಕಾಗಿ ವಾಪಸ್ ಬಿಡ್ತದೆ, ಅದಕ್ಕೇ ಮೋಡ ಮುಚ್ಚಿದ ದಿನಾನೂ ದೂರದಿಂದ ಎದ್ದು ಕಾಣ್ತದೆ. ಒಬ್ರು ಬಂದು ಇದು ಕೇಸರಿ, ಒಂದು ಪಕ್ಷದ್ದು ಅಂದ್ರು. ಹಾಗಾದ್ರೆ ಹಸಿರು ಅಂದ್ರೆ ಇನ್ನೊಂದು ಕಡೆಯಿಂದ ಕೂಗು. ಹಳದಿಗೆ ಕೆಂಪು ಅಂಚು ಹಾಕಿದ ಸ್ಯಾಂಪಲ್ ಬಂತು, ಅದು ಕನ್ನಡ ಬಾವುಟ ಆಗ್ತದೆ, ಕೊಡಗು 1956ರ ತನಕ ಬೇರೆ ರಾಜ್ಯ ಆಗಿತ್ತು ಗೊತ್ತಾ ಅಂತ ಶುರು. ಆಮೇಲೆ ‘ಎಲ್ಲರ ಭಾವನೆಗೂ ಗೌರವ ಕೊಟ್ಟು’ ಬೂದು ಬಣ್ಣ ಫೈನಲ್ ಆಯ್ತು. ಬೂದು! ಕಾಟಕೇರಿ ತಿರುವಲ್ಲಿ ಮಂಜು ಬಿದ್ದಾಗ ರಸ್ತೆ, ಮಂಜು, ನಾವು ಎಲ್ಲ ಒಂದೇ ಬಣ್ಣ, ಹಿಂದಿಂದ ಬರೋ ಟಿಂಬರ್ ಲಾರಿಯವನಿಗೆ ನಮ್ಮ ನಿಷ್ಪಕ್ಷಪಾತ ಎಷ್ಟು ಕಾಣ್ತದೋ ದೇವ್ರಿಗೇ ಗೊತ್ತು. ನಾನು ಅದರ ಮೇಲೆ ರಿಫ್ಲೆಕ್ಟರ್ ವೆಸ್ಟ್ ಹಾಕ್ತೇನೆ, ನೀವೂ ಹಾಕಿ. ಬಟ್ಟೆ ಕ್ವಾಲಿಟಿ ಪರವಾಗಿಲ್ಲ, ಜಿಪ್ ಗಟ್ಟಿ ಇದೆ, ಹಿಂದಿನ ಪಾಕೆಟ್ ಮಳೇಲಿ ಜೋತು ಬೀಳ್ತದೆ.

ಇನ್ನು ನೋಡಿ ಮಾತಾಡಿ ಅನ್ನೋ ಪಾರ್ಟಿ. ಇವರನ್ನ ಸುಮ್ಮನೆ ತಮಾಷೆ ಮಾಡೋಕೆ ನನಗೆ ಇಷ್ಟ ಇಲ್ಲ, ಯಾಕಂದ್ರೆ ಒಂದು ಸಲ ಸರಿಯಾಗೇ ಇತ್ತು. ಮುಂಚೆ ರೈಡ್ ಲಿಸ್ಟಲ್ಲಿ ಎ ಬ್ಯಾಚ್, ಬಿ ಬ್ಯಾಚ್, ಆಮೇಲೆ ನಿಧಾನದವರಿಗೆ ‘ಲೇಡೀಸ್ ಬ್ಯಾಚ್’ ಅಂತ ಇರ್ತಿತ್ತು. ವಿರಾಜಪೇಟೆ ಕಡೆಯ ಒಬ್ರು ಅಕ್ಕ, 600 ಕಿಲೋಮೀಟರ್ ಬಿಆರ್‌ಎಂ ನಲವತ್ತು ಗಂಟೆಯೊಳಗೆ ಮುಗಿಸಿದೋರು, ಮಾಕುಟ್ಟ ಘಾಟಿ ಹತ್ತಿ ಬರೋದು ನೋಡಿದ್ರೆ ನಮ್ಮ ಎ ಬ್ಯಾಚಿನ ಅರ್ಧ ಜನ ಪಿಕಪ್ ಹತ್ಬೇಕು, ಅವರು ಒಂದೇ ಸಾಲು ಹಾಕಿದ್ರು: ‘ಅಣ್ಣ, ನಾನು ಯಾವ ಬ್ಯಾಚಿಗೆ ಬರ್ಲಿ?’ ಓನರ್ ಎರಡು ನಿಮಿಷದಲ್ಲಿ ‘ಸಾರಿ ಅಕ್ಕ’ ಅಂತ ಹಾಕಿ ಸಿ ಬ್ಯಾಚ್ ಅಂತ ತಿದ್ದಿದ್ರು. ಮುಗೀತು. ಮುಗೀಬೇಕಿತ್ತು. ಆದ್ರೆ ಬಿಡ್ತಾರಾ? ಒಬ್ಬ ‘ಇನ್ಮೇಲೆ ಬಾಯಿ ಬಿಡೋ ಹಾಗೇ ಇಲ್ಲ’ ಅಂತ ಶುರು ಮಾಡಿದ, ಬಾಯಿ ಬಿಡೋ ಹಾಗಿಲ್ಲ ಅನ್ನೋದನ್ನೇ ವಾರಗಟ್ಟಲೆ ಬಾಯಿ ಬಿಟ್ಟು ಹೇಳ್ದ. ಇನ್ನೊಬ್ಬ, ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ಅಂತ ಬಂದು ಇಲ್ಲೇ ಉಳಿದೋನು, ಆ ಅಕ್ಕನ ಪರವಾಗಿ ಪುಟಗಟ್ಟಲೆ ಪಾಠ, ಓನರ್ ಕ್ಷಮೆ ಕೇಳಿದ ರೀತಿ ಸಾಲದು ಅಂತ. ಇಬ್ರೂ ಗಂಡಸ್ರು. ಆ ಅಕ್ಕ ಆ ವಾರವೂ ತುಳೀತಾ ಇದ್ರು, ರೈಡ್ ದಾಖಲಿಸೋ ಸ್ಟ್ರಾವಾ ಆ್ಯಪಲ್ಲಿ ಕಾಣ್ತಿತ್ತು, ಗ್ರೂಪಲ್ಲಿ ಮಾತ್ರ ಅವತ್ತಿಂದ ಒಂದಕ್ಷರ ಹಾಕಿಲ್ಲ. 2023ರ ಜುಲೈನಲ್ಲಿ ಯುಸಿಐ ಟ್ರಾನ್ಸ್ ರೈಡರ್ ರೂಲ್ ಬದಲಾಯಿಸಿದಾಗ್ಲೂ ಇದೇ ಇಬ್ರದ್ದು ಮಹಿಳಾ ಸೈಕ್ಲಿಂಗ್ ಬಗ್ಗೆ ಭಾರೀ ಕಾಳಜಿ, ಅದೇ ತಿಂಗಳ ಕೊನೆಗೆ ಮಹಿಳಾ ಟೂರ್ ಡಿ ಫ್ರಾನ್ಸಲ್ಲಿ ಟೂರ್ಮಲೆ ಬೆಟ್ಟದ ಮೇಲೆ ಡೆಮಿ ವಾಲರಿಂಗ್ ಗೆದ್ದಾಗ ಒಬ್ಬನೂ ಒಂದು ಥಂಬ್ಸ್ ಅಪ್ ಹಾಕ್ಲಿಲ್ಲ.

ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರಿನ, ಫೋಟೋ ವಿಷ್ಯ ಬೇಗ ಮುಗಿಸ್ತೇನೆ. ರೈಡ್ ಆದ್ಮೇಲೆ ಕಡಂಬುಟ್ಟು (ಅಕ್ಕಿ ಉಂಡೆ) ಪಂದಿ ಕರಿ ತಿಂದು ಫೋಟೋ ಹಾಕಿದ್ರು, ಹೊರಗಿಂದ ಬಂದ ಮೆಂಬರ್ ಒಬ್ರು ಸೈಕಲ್ ಗ್ರೂಪಲ್ಲಿ ಇಂಥದ್ದು ಬೇಡ ಅಂದ್ರು, ಕೊಡಗಿಗೆ ಬಂದು ಹೀಗೆ ಹೇಳೋಕೆ ಧೈರ್ಯ ಬೇಕು, ಒಪ್ಕೊಳ್ಳೋಣ. ಈಗ ಯಾವ ಊಟದ ಫೋಟೋನೂ ಹಾಕೋ ಹಾಗಿಲ್ಲ. ಇಡ್ಲಿನೂ ಇಲ್ಲ.

ಇಷ್ಟೆಲ್ಲ ಆದ್ಮೇಲೆ ಓನರ್ ‘ನೋ ಪಾಲಿಟಿಕ್ಸ್’ ಅಂತ ರೂಲ್ ಮಾಡಿ ಇಬ್ರು ಅಡ್ಮಿನ್ ಹಾಕಿದ್ರು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ. ಕಳೆದ ಮಳೆಗಾಲ ಮೆಂಬರ್ ಒಬ್ರು ರಸ್ತೆ ಅಂಚು ಬಿರುಕು ಬಿಟ್ಟ ಫೋಟೋ ಹಾಕಿ, ಮೇಲೆ ಗುಡ್ಡ ಕೊರೆದು ಕಟ್ಟಡ ಏಳ್ತಾ ಇದೆ, ಮಣ್ಣು ಜಾರ್ತಾ ಇದೆ, ಈ ಸೈಡ್ ತುಳೀಬೇಡಿ ಅಂತ ಬರೆದ್ರು. ಪಶ್ಚಿಮ ಘಟ್ಟ ಉಳಿಸೋ ಬಗ್ಗೆ ಇರೋ ಕಸ್ತೂರಿರಂಗನ್ ವರದಿ ಹೆಸರನ್ನೂ ಸೇರಿಸಿದ್ರು ಕೊನೇಲಿ. ಅಷ್ಟಕ್ಕೇ ಡಿಲೀಟ್, ಪಾಲಿಟಿಕ್ಸ್ ಅಂತೆ. ಮಾರನೇ ದಿನ ರೈಡ್ ಅದೇ ರಸ್ತೇಲಿ ಹೋಯ್ತು. ದಿನಾ ಬೆಳಿಗ್ಗೆ ಒಬ್ಬ ಲೀಡರ್ ಫೋಟೋ ಜೊತೆ ಬರೋ ಶುಭೋದಯ ಮಾತ್ರ ಪಾಲಿಟಿಕ್ಸ್ ಅಲ್ವಂತೆ, ಅದು ಸಂಸ್ಕೃತಿ. ಅಡ್ಮಿನ್ ಯಾವ ಕಡೆಯವರು ಅಂತ ನಾನು ಹೇಳ್ಬೇಕಾಗಿಲ್ಲ.

2018ರ ಆಗಸ್ಟಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಇಳಿದು ಬಂದು ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು, 2020ರಲ್ಲಿ ತಲಕಾವೇರಿ ಬ್ರಹ್ಮಗಿರಿ ಬೆಟ್ಟವೇ ಕುಸಿದು ಅರ್ಚಕರ ಮನೆ ಹೋಯ್ತು. 2024ರ ಜುಲೈ ಕೊನೇಲಿ ವಯನಾಡು ಭೂಕುಸಿತ ಆದ ಮಾರನೇ ದಿನವೇ ಅದೇ ವರದಿ ಆಧಾರದ ಕೇಂದ್ರದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಬಂತು, ಸೆಪ್ಟೆಂಬರಲ್ಲಿ ರಾಜ್ಯ ಬೇಡ ಅಂತು. ನೀವು ಅದರ ಪರ ಇರಿ ವಿರೋಧ ಇರಿ, ತೋಟ ಇರೋರಿಗೆ ಭಯ ಇದೆ, ಅದು ಸುಳ್ಳಲ್ಲ. ಆದ್ರೆ ನಾವು ತುಳಿಯೋ ರಸ್ತೆ ಆ ಗುಡ್ಡದ ಕೆಳಗೇ ಇದೆ ಅಲ್ವ? ಅದನ್ನ ಬಿಟ್ಟು ಸೈಕಲ್ ಬಗ್ಗೆ ಮಾತ್ರ ಮಾತಾಡಿ ಅಂದ್ರೆ ಎಂಥ ಮಾತಾಡೋದು, ಚೈನ್ ಆಯಿಲಾ? ಸೈಕಲ್ಲೇ ಉತ್ತರ ಪ್ರದೇಶದಲ್ಲಿ ಸಮಾಜವಾದಿ ಪಾರ್ಟಿ ಚಿಹ್ನೆ, ಆಂಧ್ರದಲ್ಲಿ ತೆಲುಗು ದೇಶಂ ಚಿಹ್ನೆ, ನಮ್ಮಲ್ಲಿ 2006-07ರಲ್ಲಿ ಎಂಟನೇ ಕ್ಲಾಸ್ ಮಕ್ಕಳಿಗೆ ಸೈಕಲ್ ಕೊಟ್ಟಿದ್ದರ ಕ್ರೆಡಿಟ್ ಯಾರಿಗೆ ಅಂತ ಈಗ್ಲೂ ಭಾಷಣ ಮಾಡ್ತಾರೆ. 2020ರಲ್ಲಿ ಗಲ್ವಾನ್ ಗಡಿ ಘರ್ಷಣೆ ಆದ್ಮೇಲೆ ಚೀನಾ ಪಾರ್ಟ್ ಮಾರ್ಬೇಡಿ ಅಂತ ಅಂಗಡಿಗೇ ಬಂದು ಕೂಗಾಡಿದ್ರು, ಓನರ್ ಅವರ ಸೈಕಲನ್ನೇ ಸ್ಟ್ಯಾಂಡಿಗೆ ಏರಿಸಿ ಟ್ಯೂಬು, ಪೆಡಲ್ಲು, ಲೈಟು, ಮೀಟರು ಒಂದೊಂದೇ ಮುಟ್ಟಿ ತೋರಿಸಿ ‘ಇದು ಬಿಚ್ಲಾ ಸಾರ್, ಇದು ಬಿಚ್ಲಾ’ ಅಂತ ಕೇಳಿದ್ರು. ಆವತ್ತು ಓನರ್‌ಗೆ ಇದ್ದ ಧೈರ್ಯ ಈಗ ಯಾಕಿಲ್ಲ ಅಂತ ಗೊತ್ತಾಗಲ್ಲ. ಮೆಂಬರ್ ಜಾಸ್ತಿ ಆದ್ರು, ಅದಕ್ಕೇ ಇರ್ಬೋದು.

ಓನರ್‌ಗೆ ನಾನು ಹೇಳಿದ್ದು ಇಷ್ಟು: ಆನೆ, ಮಣ್ಣು, ಮರ ಬಿದ್ದದ್ದು, ರೈಡ್ ಟೈಮಿಂಗ್, ಇದಕ್ಕೆ ಬೇರೆ ಗ್ರೂಪ್ ಮಾಡಿ, ಅದರಲ್ಲಿ ನೀವು, ರೈಟರ್, ರೈಡ್ ಲೀಡರ್ ಮಾತ್ರ ಮೆಸೇಜ್ ಹಾಕಿ, ಮಣ್ಣು ಯಾಕೆ ಜಾರ್ತು ಅಂತ ಬರೆದ್ರೂ ಡಿಲೀಟ್ ಮಾಡ್ಬೇಡಿ. ಉಳಿದದ್ದಕ್ಕೆ ಈ ಗ್ರೂಪ್ ಇರ್ಲಿ, ಜಗಳ ಆಡೋರು ಆಡ್ಲಿ, ಬೆಳಿಗ್ಗೆ ಐದಕ್ಕೆ ಏಳೋರು ಮ್ಯೂಟ್ ಮಾಡ್ಕೊಳ್ತಾರೆ. ‘ನೋಡುವ ಮಾರಾಯ, ಪುತ್ತರಿ ಹಬ್ಬ ಕಳೀಲಿ’ ಅಂದಿದ್ದಾರೆ.

ಒಟ್ಟು ಮೂರು ಸ್ಟಾರ್. ನಾನು ರಿನೀವ್ ಮಾಡ್ತೇನೆ, ಬ್ರೇಕಿಗೋಸ್ಕರ. ಹೊಸಬರು ಸೇರೋದಾದ್ರೆ ಮೇ ತಿಂಗಳೊಳಗೆ ಪ್ಯಾಡ್ ಹಾಕಿಸ್ಕೊಳ್ಳಿ, ಜೂನಲ್ಲಿ ಕ್ಯೂ ಇರ್ತದೆ. ಜೆರ್ಸಿ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡಿ ಕೊಡ್ತಾರೆ, ಕೇಳಿ. ಮಂಗಳವಾರ ರಜ, ಶುಕ್ರವಾರ ಸಂತೆ ಇರೋದ್ರಿಂದ ಗಾಡೀಲಿ ಸೈಕಲ್ ತರೋರಿಗೆ ಪಾರ್ಕಿಂಗ್ ಸಿಗಲ್ಲ, ತುಳ್ಕೊಂಡೇ ಬನ್ನಿ.