ಹಾಟ್ ಟಬ್ ಪುಣೆಯಲ್ಲೇ ಉಳಿಯಿತು: ಕೆಲವು ವರ್ಷಗಳ ಬಳಕೆ, ಒಂದು ಮುಚ್ಚಳ ಮತ್ತು ಧಾರವಾಡದ ಲೆಕ್ಕ

ನಾಲ್ಕು ಜನ ಕೂರಬಹುದಾದ ಅಕ್ರಿಲಿಕ್ ಹಾಟ್ ಟಬ್ (ಬಿಸಿನೀರಿನ ತೊಟ್ಟಿ) ಒಂದನ್ನು ನಾವು 2021ರಲ್ಲಿ ಕೊಂಡು, ಪುಣೆಯ ಬಾವಧನದಲ್ಲಿರುವ ನಮ್ಮ ರೋ ಹೌಸ್‌ನ ಹಿತ್ತಲಿನಲ್ಲಿ ಕೂರಿಸಿದ್ದೆವು. ಅತ್ತೆಯವರಿಗೆ ವಯಸ್ಸಾಗಿ ನಾವು ಧಾರವಾಡದ ಮನೆಗೆ ಮರಳುವುದು ನಿಶ್ಚಯವಾದಾಗ, ಅದನ್ನು ಜೊತೆಗೆ ಒಯ್ಯುವುದೋ ಇಲ್ಲೇ ಮಾರುವುದೋ ಎಂಬ ಪ್ರಶ್ನೆ ಉಳಿದೆಲ್ಲ ಸಾಮಾನುಗಳಿಗಿಂತ ಹೆಚ್ಚು ದಿನ ನಮ್ಮ ತಲೆ ತಿಂದಿತು. ನೀರು ಚಿಮ್ಮಿಸುವ ಜೆಟ್‌ಗಳ ಸಂಖ್ಯೆ, ದೀಪಗಳ ಬಣ್ಣ, ಮೋಟರಿನ ಶಕ್ತಿ ಇವನ್ನೆಲ್ಲ ಯಾವುದೇ ಕಂಪನಿಯ ಕರಪತ್ರದಲ್ಲಿ ಓದಿಕೊಳ್ಳಬಹುದು. ಅದೇ ಕರಪತ್ರದಲ್ಲಿ ಅರ್ಧ ಸಾಲಿನಲ್ಲಿ ಮುಗಿದುಹೋಗುವ ಮುಚ್ಚಳದ ಬಗ್ಗೆಯೇ ನಾನು ಇಲ್ಲಿ ಹೆಚ್ಚು ಬರೆಯಬೇಕಾಗಿದೆ. ವಿದ್ಯುತ್ ಬಿಲ್ಲನ್ನೂ ಮಾರಾಟದ ಬೆಲೆಯನ್ನೂ ನಿರ್ಧರಿಸಿದ್ದು ಅದು.

ಮೊದಲು ಸುಖದ ಮಾತು. ಡಿಸೆಂಬರ್, ಜನವರಿಯಲ್ಲಿ ಪುಣೆಯ ಬೆಳಗಿನ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ದಿನಗಳಿರುತ್ತವೆ. ಹಿಂದಿನ ರಾತ್ರಿಯೇ ನೀರನ್ನು 38 ಡಿಗ್ರಿಗೆ ಇಟ್ಟು ಮಲಗಿದರೆ, ಬೆಳಿಗ್ಗೆ ಮುಚ್ಚಳದ ಅರ್ಧ ಭಾಗವನ್ನಷ್ಟೇ ಮಡಚಿ ಇಬ್ಬರೂ ಅದೇ ಅರ್ಧದಲ್ಲಿ ಕೂರುತ್ತಿದ್ದೆವು. ಉಳಿದರ್ಧ ಮುಚ್ಚಿಯೇ ಇರುವುದರಿಂದ ಕಾವು ಹೆಚ್ಚು ಹಾರಿಹೋಗುವುದಿಲ್ಲ, ಚಹಾದ ಲೋಟಗಳನ್ನಿಡಲು ಮೇಜೂ ಆಗುತ್ತದೆ. ಫೋನುಗಳು ಅಡಿಗೆಮನೆಯಲ್ಲೇ ಉಳಿಯುತ್ತಿದ್ದವು. ನಮ್ಮವರ ಸೊಂಟನೋವಿಗೆಂದು ತಂದ ವಸ್ತುವದು, ನೋವಿಗೆ ತಕ್ಕ ಮಟ್ಟಿಗೆ ಉಪಯೋಗವೂ ಆಯಿತು; ಆದರೆ ಮನೆಯ ಖರ್ಚು, ಮಗನ ಓದು, ಊರಿನ ಜಮೀನು ಮೊದಲಾದ ಮುಖ್ಯ ಮಾತುಗಳೆಲ್ಲ ಆ ಹದಿನೈದು ಇಪ್ಪತ್ತು ನಿಮಿಷಗಳಲ್ಲೇ ಇತ್ಯರ್ಥವಾಗತೊಡಗಿದ್ದು ನಾವು ನಿರೀಕ್ಷಿಸಿರದ ಲಾಭ. ಅದಕ್ಕಿಂತ ಹೆಚ್ಚು ಹೊತ್ತು ಬಿಸಿನೀರಿನಲ್ಲಿ ಕೂರುವುದು ಒಳ್ಳೆಯದಲ್ಲ, 40 ಡಿಗ್ರಿಗಿಂತ ಮೇಲೆ ಏರಿಸುವುದಂತೂ ಸಲ್ಲದು. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ, ತಲೆಯ ಮೇಲೆ ತಣ್ಣನೆಯ ಹನಿ ಬೀಳುತ್ತಿರುವಾಗ ಕೊರಳವರೆಗೆ ಬಿಸಿನೀರಿನಲ್ಲಿರುವ ಸುಖವನ್ನು ಇನ್ನೊಬ್ಬರಿಗೆ ಹೇಳಿ ಒಪ್ಪಿಸುವುದು ಕಷ್ಟ.

ರಾತ್ರಿಯ ಕೆಲಸವೂ ನನಗೆ ಪ್ರಿಯವೇ ಆಗಿತ್ತು. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರ ನಡುವೆ ಇದೆಯೇ ಎಂದು ನೋಡುವುದು, ಕ್ಲೋರಿನ್ ಹರಳುಗಳನ್ನು ಮಗ್ಗಿನಲ್ಲಿ ಕರಗಿಸಿ ಪಂಪು ನಡೆಯುತ್ತಿರುವಾಗ ಸುರಿಯುವುದು, ನೀರಿನ ಅಂಚಿನಲ್ಲಿ ಕೂರುವ ಜಿಡ್ಡಿನ ಗೆರೆಯನ್ನು ಬಟ್ಟೆಯಿಂದ ಒರೆಸುವುದು, ಫಿಲ್ಟರನ್ನು ತೆಗೆದು ಮಡಿಕೆಗಳ ಸಂದಿನಲ್ಲಿ ನೀರು ಹಾಯಿಸುವುದು. ನಮ್ಮ ಮನೆಯಲ್ಲಿ ಒಂದೇ ಒಂದು ನಿಯಮ ಕಟ್ಟುನಿಟ್ಟಾಗಿತ್ತು: ಮೊದಲು ಸ್ನಾನ, ಆಮೇಲೆ ಟಬ್. ನರಕಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ನೇರವಾಗಿ ಅದರೊಳಗಿಳಿಯಲು ಹೊರಟ ನೆಂಟರನ್ನು ತಡೆದು ಬಚ್ಚಲಿಗೆ ಅಟ್ಟಿದ್ದಕ್ಕೆ ಕೆಲವರು ಇಂದಿಗೂ ಮುನಿಸಿಕೊಂಡಿದ್ದಾರೆ. ಎಣ್ಣೆ ಸೇರಿದ ನೀರು ಜೆಟ್ ಹಾಕಿದೊಡನೆ ನೊರೆ ಏಳುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಮೇಲೆ ಅಷ್ಟೂ ನೀರನ್ನು ಚೆಲ್ಲುವುದೊಂದೇ ದಾರಿ.

ಚೆಲ್ಲುವುದೆಂದರೆ ಸುಮಾರು 1000 ಲೀಟರ್. ಮೂರು ನಾಲ್ಕು ತಿಂಗಳಿಗೊಮ್ಮೆ ಹೇಗೂ ಬದಲಿಸಲೇಬೇಕು. ಬಾವಧನದಂಥ ಹೊರಬಡಾವಣೆಗಳಲ್ಲಿ ಬೇಸಿಗೆಯ ನೀರೆಂದರೆ ಟ್ಯಾಂಕರಿನ ನೀರು, ಅದು ಬಹುತೇಕ ಬೋರಿನದು, ಗಡುಸಾದದ್ದು. ಹೀಟರಿನ ಮೇಲೆ ಬಿಳಿ ಪದರ ಕಟ್ಟುವುದು ಇದರಿಂದಲೇ. ಸಿಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಆಗಾಗ ತೊಳೆಸಿದ್ದರಿಂದ ನಮ್ಮ ಹೀಟರ್ ಉಳಿದುಕೊಂಡಿತು. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ವಿಚಿತ್ರ: ಹೀಟರನ್ನು ಪೂರ್ತಿ ಆರಿಸಿದ್ದರೂ, ನೀರನ್ನು ಸೋಸುವ ಪಂಪಿನ ಕಾವೇ ಒಳಗೆ ಸಂಗ್ರಹವಾಗಿ, ನಾವು ಹೇಳಿದ್ದಕ್ಕಿಂತ ಮೇಲಕ್ಕೆ ಉಷ್ಣಾಂಶ ಏರುತ್ತಿತ್ತು. ಹೊರಗೆ 39 ಡಿಗ್ರಿ ಇರುವಾಗ ಒಳಗೂ ಅಷ್ಟೇ ಇದ್ದರೆ ಇಳಿಯುವವರು ಯಾರು?

ಇನ್ನು ಮುಚ್ಚಳ. ಮೇಲೆ ರೆಕ್ಸಿನ್‌ನಂಥ ಹೊದಿಕೆ, ಒಳಗೆ ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಥರ್ಮೋಕೋಲಿನ ಎರಡು ದಪ್ಪ ಹಲಗೆಗಳು, ನಡುವೆ ಮಡಿಕೆ. ಇದಿಷ್ಟೇ ಅದರ ರಚನೆ. ಹೊಸದಾಗಿದ್ದಾಗ ನಾನೊಬ್ಬಳೇ ಎತ್ತಿ ಪಕ್ಕಕ್ಕಿಡುತ್ತಿದ್ದೆ. ಆದರೆ ಕೆಳಗಿನಿಂದ ಸದಾ ಏಳುವ ಹಬೆ, ಅದರಲ್ಲಿ ಬೆರೆತ ಕ್ಲೋರಿನ್, ಮೇಲಿನಿಂದ ಸಹ್ಯಾದ್ರಿಯ ಮಗ್ಗುಲಿನ ಮಳೆ, ಇವುಗಳ ನಡುವೆ ಮಡಿಕೆಯ ಹೊಲಿಗೆ ಮೊದಲು ಬಿಡುತ್ತದೆ, ಆಮೇಲೆ ಒಳಗಿನ ಪ್ಲಾಸ್ಟಿಕ್ ಹರಿಯುತ್ತದೆ, ಥರ್ಮೋಕೋಲ್ ನೀರು ಕುಡಿಯತೊಡಗುತ್ತದೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅದು ನೆನೆದ ಹತ್ತಿಯ ಹಾಸಿಗೆಯಂತಾಗಿ, ಇಬ್ಬರು ಸೇರಿ ಎಳೆಯಬೇಕಾಯಿತು; ಸೊಂಟನೋವಿಗೆಂದು ತಂದ ಟಬ್ಬಿನ ಮುಚ್ಚಳವನ್ನು ಎತ್ತುವುದರಿಂದಲೇ ಸೊಂಟ ಹಿಡಿದುಕೊಂಡದ್ದೂ ಉಂಟು.

ಭಾರ ಸಹಿಸಬಹುದು, ಕಾವಿನ ನಷ್ಟವನ್ನು ಸಹಿಸಲಾಗದು. 1000 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 1.16 ಯೂನಿಟ್ ವಿದ್ಯುತ್ ಬೇಕು. ನಲ್ಲಿಯ 24 ಡಿಗ್ರಿಯಿಂದ 38ಕ್ಕೆ ಒಯ್ಯಲು 16 ಯೂನಿಟ್, 2 ಕಿಲೋವ್ಯಾಟ್ ಹೀಟರಿಗೆ ಎಂಟು ಗಂಟೆಯ ದುಡಿಮೆ. ಒಣಗಿದ ಥರ್ಮೋಕೋಲ್ ಈ ಕಾವನ್ನು ಹಿಡಿದಿಡುತ್ತದೆ. ನೀರು ಕುಡಿದದ್ದು ಅದನ್ನು ಸಲೀಸಾಗಿ ಹೊರಗೆ ದಾಟಿಸುತ್ತದೆ. ಮೊದಲ ಚಳಿಗಾಲದಲ್ಲಿ ಬೆಳಗಾಗುವ ಹೊತ್ತಿಗೆ ಒಂದೆರಡು ಡಿಗ್ರಿ ಇಳಿಯುತ್ತಿದ್ದ ನೀರು ಆಮೇಲೆ ನಾಲ್ಕೈದು ಡಿಗ್ರಿ ಇಳಿಯಲಾರಂಭಿಸಿತು, ಮೀಟರ್ ಅದಕ್ಕೆ ತಕ್ಕಂತೆ ಓಡಿತು. ಮಾರಾಟಗಾರರನ್ನು ಕೇಳಿದರೆ ಆ ಮಾದರಿಯ ತಯಾರಿಕೆ ನಿಂತಿದೆ, ಮುಚ್ಚಳವನ್ನು ಅಳತೆ ಕೊಟ್ಟು ವಿದೇಶದಿಂದ ತರಿಸಬೇಕು, ಮುಂದಿನ ಕಂಟೇನರಿನಲ್ಲಿ ಬರಬಹುದು ಎಂಬ ಉತ್ತರ. ಮೂರೂವರೆ ಲಕ್ಷದ ವಸ್ತುವನ್ನು ಮಾರುವಾಗ ದಿನಕ್ಕೆರಡು ಬಾರಿ ಫೋನ್ ಮಾಡುತ್ತಿದ್ದವರು ಮುಚ್ಚಳದ ವಿಷಯದಲ್ಲಿ ಮೌನಿಗಳಾದರು. ಕಡೆಗೆ ರವಿವಾರ ಪೇಟೆಯ ಬೋಹ್ರಿ ಆಳಿಯಿಂದ ಥರ್ಮೋಕೋಲ್ ಹಲಗೆ, ದಪ್ಪ ಪ್ಲಾಸ್ಟಿಕ್ಕು, ರೆಕ್ಸಿನ್ ತಂದು, ಕಾರಿನ ಸೀಟು ಹೊಲಿಯುವವರಿಂದ ಒಂದನ್ನು ಹೊಲಿಸಿಕೊಂಡೆವು. ಅದು ಅಗ್ಗ, ಹಗುರ. ಆದರೆ ನಡುವೆ ಏಣು ಇಲ್ಲದ್ದರಿಂದ ಮಳೆನೀರು ಮಡುಗಟ್ಟಿ ತಗ್ಗಾಯಿತು. ಆಮೇಲೆ ಅದರ ಮೇಲೊಂದು ತಗಡಿನ ಛಾವಣಿ ಹಾಕಿಸಿದೆವು. ಹೊಸದಾಗಿ ಕೊಳ್ಳುವವರು ಛಾವಣಿಯನ್ನು ಮೊದಲ ದಿನವೇ ಹಾಕಿಸಬೇಕು, ಕ್ಲೋರಿನ್ ಹಾಕಿದ ಮೇಲೆ ಸ್ವಲ್ಪ ಹೊತ್ತು ಮುಚ್ಚಳ ತೆರೆದಿಡಬೇಕು, ಟಬ್ ಕೊಳ್ಳುವಾಗಲೇ ಎರಡನೆಯ ಮುಚ್ಚಳದ ಬೆಲೆಯನ್ನೂ ಬರೆಸಿಕೊಳ್ಳಬೇಕು.

ಈ ಛಾವಣಿಯೇ ಸಾಗಣೆಗೆ ಅಡ್ಡ ಬಂದಿತು. ಟಬ್ ಬಂದಾಗ ಹೈಡ್ರಾ ಕ್ರೇನ್ ಅದನ್ನು ಕಾಂಪೌಂಡ್ ಗೋಡೆಯ ಮೇಲಿಂದ ಎತ್ತಿ ಒಳಗಿಳಿಸಿತ್ತು. ಈಗ ಛಾವಣಿಯನ್ನು ಬಿಚ್ಚದೆ ಹೊರಗೆತ್ತುವಂತಿಲ್ಲ. ಎತ್ತುವುದು ಸುಲಭದ ಭಾಗ. ನೀರು ಖಾಲಿ ಮಾಡಿದ ಮೇಲೂ ಕೊಳವೆಗಳಲ್ಲಿ, ಪಂಪಿನಲ್ಲಿ, ಜೆಟ್‌ಗಳ ಬೆನ್ನಿಗೆ ಬಕೆಟ್‌ಗಟ್ಟಲೆ ನೀರು ಉಳಿದಿರುತ್ತದೆ, ಅದನ್ನು ಬ್ಲೋವರ್ ಹಚ್ಚಿ ಊದಿ ತೆಗೆಯಬೇಕು. ಉಗುರು ಬೆಚ್ಚನೆಯ, ನಿಂತ ನೀರು ರೋಗಾಣುಗಳಿಗೆ ತವರು. ಪೂರ್ತಿ ಒಣಗಿಸಿ ತಿಂಗಳುಗಟ್ಟಲೆ ಇಟ್ಟರೆ ರಬ್ಬರಿನ ವಾಷರುಗಳು ಸೆಟೆದು, ಮತ್ತೆ ನೀರು ತುಂಬಿದಾಗ ಸೋರುವ ಭಯ. ಖಾಲಿ ಟಬ್ಬನ್ನು ಬಿಸಿಲಿನಲ್ಲಿ ಬಿಟ್ಟರೆ ಅಕ್ರಿಲಿಕ್ ಉಬ್ಬುತ್ತದೆ. ಸಾಮಾನು ಸಾಗಿಸುವವರು ಮನೆಯ ಉಳಿದೆಲ್ಲ ವಸ್ತುಗಳಿಗೆ ಕೇಳಿದ ದರದ ಹತ್ತಿರ ಹತ್ತಿರ ಅರ್ಧದಷ್ಟನ್ನು ಇದೊಂದಕ್ಕೇ ಕೇಳಿದರು. ವಿಮೆಯ ಕಾಗದವನ್ನು ಓದಿದಾಗ, ಹೊರಗಿನಿಂದ ಕಾಣುವ ಪೆಟ್ಟಿಲ್ಲದೆ ಒಳಗಿನ ಯಂತ್ರ ಕೆಟ್ಟರೆ ಪರಿಹಾರವಿಲ್ಲವೆಂಬ ಸಾಲು ಕಂಡಿತು. ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ 400 ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಒಂದು ಪೈಪಿನ ಅಂಟು ಬಿಟ್ಟರೆ, ಅದು ಗೊತ್ತಾಗುವುದು ಧಾರವಾಡದಲ್ಲಿ ನೀರು ತುಂಬಿದ ದಿನವೇ.

ಹೀಗಿದ್ದೂ ಒಯ್ಯುವ ಆಸೆ ಬಿಡಲಿಲ್ಲ, ಏಕೆಂದರೆ ಹವೆಯ ದೃಷ್ಟಿಯಿಂದ ಧಾರವಾಡ ಪುಣೆಗಿಂತ ತಕ್ಕ ಊರು. ಅಡ್ಡ ಬಂದದ್ದು ಮೊದಲು ಮಣ್ಣು. ನಮ್ಮ ಮನೆ ಊರಿನ ಪೂರ್ವಕ್ಕಿದೆ, ಹಿತ್ತಲೆಲ್ಲ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ನೆಲದ ಮೇಲೆ ತೆಳುವಾದ ಕಾಂಕ್ರೀಟು ಹಾಸಿದರೆ ಅದು ಸೀಳುತ್ತದೆ, ಟಬ್ ವಾಲುತ್ತದೆ. ಎರೆಯನ್ನು ಆಳಕ್ಕೆ ತೆಗೆಸಿ ಗರಸು ತುಂಬಿಸಿ ಕಬ್ಬಿಣ ಹಾಕಿದ ಹಾಸು ಹಾಕಿಸಬೇಕು. ಹಾಗಾದರೆ ಮಾಳಿಗೆಯ ಮೇಲೆ ಇಡೋಣವೆಂದರು ನಮ್ಮವರು. ನೀರು, ಟಬ್, ನಾಲ್ವರು ಸೇರಿದರೆ ಒಂದೂವರೆ ಟನ್, ನೆಲದ ಅಳತೆಗೆ ಹಂಚಿದರೆ ಚದರ ಮೀಟರಿಗೆ 380 ಕಿಲೋ; ಓಡಾಡುವ ಮಾಳಿಗೆಗೆ ಭಾರತೀಯ ಮಾನಕ ಹೇಳುವ ಬಳಕೆಯ ಭಾರ ಸುಮಾರು 150 ಕಿಲೋ. ಅದು ಅಲ್ಲಿಗೇ ಮುಗಿಯಿತು.

ಎರಡನೆಯದು ಗೃಹಜ್ಯೋತಿ. ಕರ್ನಾಟಕದಲ್ಲಿ 2023ರಿಂದ ಜಾರಿಯಲ್ಲಿರುವ ಈ ಯೋಜನೆಯಿಂದಾಗಿ ಅತ್ತೆಯವರ ಮನೆಗೆ ಶೂನ್ಯ ಬಿಲ್ ಬರುತ್ತದೆ, ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಹಳೆಯ ಮುಚ್ಚಳದೊಂದಿಗೆ ಚಳಿಗಾಲದಲ್ಲಿ ಟಬ್ಬೊಂದೇ ಹೆಚ್ಚುಕಡಿಮೆ ಅಷ್ಟನ್ನು ನುಂಗುತ್ತಿತ್ತು. ಅಂದರೆ ಅದು ತನ್ನ ಖರ್ಚನ್ನಷ್ಟೇ ಅಲ್ಲ, ಫ್ಯಾನು, ಫ್ರಿಜ್ಜು, ಮಿಕ್ಸರಿನ ಖರ್ಚನ್ನೂ ಮತ್ತೆ ನಮ್ಮ ಮೇಲೆ ಹೊರಿಸುತ್ತಿತ್ತು. ಅತ್ತೆಯವರು ಅದನ್ನು ಬಳಸುವಂತೆಯೂ ಇರಲಿಲ್ಲ: ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಬಿಸಿನೀರಿನಿಂದ ಒಮ್ಮೆಲೇ ಎದ್ದರೆ ತಲೆ ಸುತ್ತುವ ಸಂಭವವಿದೆ, ಮೇಲಾಗಿ ಎದೆಮಟ್ಟದ ಅಂಚನ್ನು ದಾಟುವುದು ಅವರಿಂದಾಗದು. ಅವರು ಫೋನಿನಲ್ಲಿ ಹೇಳಿದ್ದು ಇಷ್ಟು: “ಬಚ್ಚಲದಾಗ ಹಂಡೆ ಅದ. ಅದರ ನೀರು ಸಾಲೂದಿಲ್ಲೇನವಾ ನಿಮಗ?”

ಮಾರುವುದೆಂದು ತೀರ್ಮಾನಿಸಿ ಜಾಹೀರಾತು ಹಾಕಿದ ಮೇಲೆ ತಿಳಿದದ್ದೆಂದರೆ, ಪುಣೆಯ ಸುತ್ತ ಹಳೆಯ ಹಾಟ್ ಟಬ್ ಕೇಳುವವರು ಮನೆವಾರ್ತೆಯವರಲ್ಲ. ಮುಳಶಿ, ಪಾನಶೇತ್, ಲೋಣಾವಳಾ ಕಡೆ ವಾರಾಂತ್ಯಕ್ಕೆ ಬಂಗಲೆ ಬಾಡಿಗೆಗೆ ಕೊಡುವವರು. ಅವರು ಜೆಟ್‌ಗಳನ್ನು ನೋಡುವುದಿಲ್ಲ. ಬಂದವರೆಲ್ಲ ಮೊದಲು ಮುಚ್ಚಳದ ತುದಿಯನ್ನು ಹಿಡಿದು ಎತ್ತಿ ನೋಡಿದರು. ಹೊಲಿಸಿದ ಮುಚ್ಚಳವೂ ಆಗಲೇ ಭಾರವಾಗಿತ್ತು; ಅದನ್ನು ಕೆಳಗಿಟ್ಟೊಡನೆ ಅವರು ಬೆಲೆಯಲ್ಲಿ ಕಡಿತಗೊಳಿಸಿದ ಮೊತ್ತ ಹೊಸ ಮುಚ್ಚಳದ ಬೆಲೆಗಿಂತ ಹೆಚ್ಚು. ವ್ಯಾಪಾರದಲ್ಲಿ ಅದು ನ್ಯಾಯವೇ ಇರಬಹುದು, ಆದರೂ ಸಿಟ್ಟು ಬಂತು. ನಮಗೆ ನೆರವಾದ ಒಂದೇ ಸಂಗತಿಯೆಂದರೆ, ಬರುವವರಿಗಾಗಿ ನೀರು ತುಂಬಿ 38 ಡಿಗ್ರಿಗೆ ಕಾಯಿಸಿ, ಪಂಪು ನಡೆಸಿ, ಪಕ್ಕದ ಫಲಕವನ್ನು ಬಿಚ್ಚಿ ಒಳಗಿನ ಒಣ ನೆಲವನ್ನು ತೋರಿಸಿದ್ದು. ಖಾಲಿ ಟಬ್ಬನ್ನು ತೋರಿಸಿ ‘ಎಲ್ಲ ಸರಿಯಿದೆ’ ಎಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು.

ಪಾನಶೇತ್ ಕಡೆಯ ಬಂಗಲೆಯವರೊಬ್ಬರು ನಾವು ಕೊಂಡ ಬೆಲೆಯ ಮೂರನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ ಕೊಟ್ಟು ಒಯ್ದರು. ಛಾವಣಿ ಬಿಚ್ಚಿಸುವುದು ನಮ್ಮ ಪಾಲು, ಕ್ರೇನು ಮತ್ತು ಲಾರಿ ಅವರ ಪಾಲು, ನಮ್ಮ ಎಲೆಕ್ಟ್ರೀಷಿಯನ್ ಬಂದು ವೈರು ಬಿಡಿಸಿದ ಮೇಲೆಯೇ ಎತ್ತಬೇಕು, ಅಲ್ಲಿ ಸೋರಿದರೆ ನಮ್ಮ ಹೊಣೆಯಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಂಡೆವು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕದೆ ಜೋಡಿಸಬೇಡಿ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ. ನೀರಿನಲ್ಲಿ ಕೂರುವವರು ಆ ಬಂಗಲೆಗೆ ಬರುವ ಅಪರಿಚಿತರು.

ಸ್ವಂತ ನೆಲಮಟ್ಟದ ಅಂಗಳ, ನಂಬಬಹುದಾದ ನೀರು, ಹತ್ತು ವರ್ಷ ಅದೇ ಮನೆಯಲ್ಲಿರುವ ಖಾತ್ರಿ ಈ ಮೂರೂ ಇದ್ದವರು ಕೊಳ್ಳಬಹುದು, ಸುಖಪಡುತ್ತಾರೆ. ವರ್ಗಾವಣೆಯ ಕೆಲಸದವರು, ಬಾಡಿಗೆ ಮನೆಯವರು ಗಾಳಿ ತುಂಬುವ ಮಾದರಿಯನ್ನು ನೋಡುವುದು ಮೇಲು. ಅದು ಮಡಚಿ ಕಾರಿನಲ್ಲಿ ಹೋಗುತ್ತದೆ. ನಮ್ಮಂತೆ ಮಾರಲು ಹೊರಟವರು ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಜಾಹೀರಾತು ಹಾಕಬೇಕು. ಏಪ್ರಿಲಿನ ಬಿಸಿಲಿನಲ್ಲಿ ಬಿಸಿನೀರಿನ ತೊಟ್ಟಿಯನ್ನು ನೋಡಲು ಬರುವವರು ಚೌಕಾಸಿಗೆಂದೇ ಬರುತ್ತಾರೆ.